32 ಜಿಬಿ ಅಂತ ಕೊಂಡ ಕಾರ್ಡ್, ಒಳಗಿದ್ದದ್ದು ಬರೀ 8

ಸೆಕೆಂಡ್‌ಹ್ಯಾಂಡ್ ಕ್ಯಾನನ್ ಪವರ್‌ಶಾಟ್ ಎ ಸರಣಿಯ ಕ್ಯಾಮೆರಾ, ಅದಕ್ಕೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಮೆಮೊರಿ ಕಾರ್ಡ್. ಗೃಹಪ್ರವೇಶದ ದಿನ ತೆಗೆದ ಪ್ರತಿ ಫೋಟೊನೂ ಆ ಕ್ಷಣಕ್ಕೆ ಪರದೆ ಮೇಲೆ ಚೆನ್ನಾಗಿಯೇ ಕಂಡಿತ್ತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಹೋಮದವರೆಗೆ ಎಲ್ಲ ಸರಿ; ಊಟದ ಪಂಕ್ತಿ ಶುರುವಾದಲ್ಲಿಂದ ಅರ್ಧ ಚಿತ್ರ, ಅರ್ಧ ಬೂದುಪಟ್ಟಿ. ಆಮೇಲಿನವು ತೆರೆಯುವುದೇ ಇಲ್ಲ.

ಇಂಥ ಕಾರ್ಡಿನ ಕಂಟ್ರೋಲರ್ ಚಿಪ್ಪಿಗೆ 32 ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ 32 ಅಂತಲೇ ತೋರಿಸುತ್ತದೆ. 8 ತುಂಬಿದ ಮೇಲೆ ಬಂದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆಯೇ ಕೂರುತ್ತದೆ. ಕಳೆದುಹೋದ ಫೋಟೊ ಮರಳಿ ತರುವ ಫೋಟೊರೆಕ್‌ನಂಥ ತಂತ್ರಾಂಶವೂ ಇಲ್ಲಿ ಕೆಲಸಕ್ಕೆ ಬಾರದು. ಬರೆದೇ ಇಲ್ಲದ್ದನ್ನು ಎಲ್ಲಿಂದ ತರುತ್ತದೆ?

ಕಾರ್ಡ್ ಕೈಗೆ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಎಂಬ ಕಾರ್ಡ್ ಪರೀಕ್ಷಿಸುವ ತಂತ್ರಾಂಶ ಓಡಿಸಿ. ಖಾಲಿ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ತಾಳೆ ನೋಡುತ್ತದೆ. ಒಂದೆರಡು ಗಂಟೆ ಹಿಡಿಯಬಹುದು, ಹಿಡಿಯಲಿ. 1 ಜಿಬಿ ಪರೀಕ್ಷಿಸಿ ನಿಲ್ಲಿಸಿದರೆ ಖೋಟಾ ಕಾರ್ಡೂ ಪಾಸಾಗುತ್ತದೆ.

64 ಜಿಬಿ ಆಸೆ ಹಳೆಯ ಕ್ಯಾಮೆರಾಗೆ ಬೇಡ. ಎಸ್‌ಡಿಎಚ್‌ಸಿ ಅಂತ ಬರೆದಿರುವ ಬಗೆ 32 ಜಿಬಿಗೆ ಮುಗಿಯಿತು. ಬರೀ ಎಸ್‌ಡಿ ಅಂತ ಬರೆದಿರುವ ಇನ್ನೂ ಹಳೆಯ ಕ್ಯಾಮೆರಾಗೆ 2 ಜಿಬಿಯೇ ಮಿತಿ. ಫೋಟೊಗೆ 5 ಎಂಬಿ ಅಂತ ಹಿಡಿದರೂ 8 ಜಿಬಿಯಲ್ಲಿ ಸುಮಾರು 1,500 ಕೂರುತ್ತವೆ.

ಅದೇ ದಿನ ಸೆಲ್ಲೂ ಕೈಕೊಟ್ಟಿತು. 4600 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಅಚ್ಚು ಹಾಕಿದ್ದ ರೀಚಾರ್ಜೆಬಲ್ ಪೆನ್ಸಿಲ್ (ಎಎ) ಸೆಲ್ ಜೋಡಿ. ಫ್ಲ್ಯಾಶ್ ಹಾಕಿ ಇಪ್ಪತ್ತು ಫೋಟೊ ತೆಗೆಯುವಷ್ಟರಲ್ಲಿ ಲೆನ್ಸ್ ಅರ್ಧ ಹೊರಗೆ ಚಾಚಿ ಅಲ್ಲೇ ನಿಂತಿತು. ಎಎ ಗಾತ್ರದ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜೆಬಲ್ ಸೆಲ್ ಮೇಲೆ 2800 ದಾಟಿದ ಅಂಕಿ ಕಂಡರೆ ಮುಟ್ಟಬೇಡಿ. ತಕ್ಕಡಿಗಿಡಿ: ಅಸಲಿ 2000ದ ಸೆಲ್ ಹೆಚ್ಚೂಕಡಿಮೆ 26 ಗ್ರಾಂ ತೂಗುತ್ತದೆ, ಟೊಳ್ಳು ಸೆಲ್ಲಿನ ಬಣ್ಣ ಅಲ್ಲೇ ಬಯಲಾಗುತ್ತದೆ. ಎನಿಲೂಪ್ ಥರದ, ಬೀರುವಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಉಳಿಸಿಕೊಳ್ಳುವ 2000ದ ಸೆಲ್ಲೇ ಲೇಸು. ಹಳೆಯದು-ಹೊಸದು ಬೆರೆಸಬೇಡಿ, ಬಲಹೀನ ಸೆಲ್ ಮೊದಲೇ ಖಾಲಿಯಾಗಿ ಉಲ್ಟಾ ಚಾರ್ಜ್ ಆಗಿ ಕೆಡುತ್ತದೆ. ಜೋಡಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿಡಿ. ಪ್ರತಿ ಸೆಲ್ಲಿಗೂ ಬೇರೆ ದೀಪ ಇರುವ ಚಾರ್ಜರ್ ಕೊಳ್ಳಿ.

ಇನ್ನೊಂದು, ಇದು ಕ್ಯಾಮೆರಾವನ್ನೇ ಸುಡುವ ವಿಷಯ: 14500 ಅಂತ ಬರೆದ ಲಿಥಿಯಂ ಸೆಲ್ಲೂ ಅಳತೆಯಲ್ಲಿ ಪೆನ್ಸಿಲ್ ಸೆಲ್ಲೇ. ಆದರೆ ಒಂದೊಂದೂ 3.7 ವೋಲ್ಟ್. 3 ವೋಲ್ಟ್ ಬೇಕಾದಲ್ಲಿ ಎರಡು ಸೇರಿ 7.4 ವೋಲ್ಟ್ ನುಗ್ಗುತ್ತದೆ.

ಒಳ್ಳೆಯ ರೀಚಾರ್ಜೆಬಲ್ ಸೆಲ್ ಹಾಕಿಯೂ ನಿಕಾನ್ ಕೂಲ್‌ಪಿಕ್ಸ್ ಕ್ಯಾಮೆರಾದಲ್ಲಿ ಬೇಗ ಲೋ ಬ್ಯಾಟರಿ ಬಂದರೆ, ಸೆಟಪ್ ಮೆನುವಿನಲ್ಲಿ ಬ್ಯಾಟರಿ ಟೈಪ್ ಆಲ್ಕಲೈನ್‌ಗೆ ಇದೆಯಾ ಅಂತ ಮೊದಲು ನೋಡಿ.