ವಿಆರ್‌ಗೆ ಅಂತ ಹಳೇ 3080 ಕಾರ್ಡ್ ತರಿಸುವವರು ಮೊದಲು ಮೆಮೊರಿ ಬಿಸಿ ನೋಡಿ

ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 (ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್) ಹುಡುಕುತ್ತಿದ್ದೀರಾ? ಮಾರುವವರು ಕಳಿಸುವ ಟೆಂಪರೇಚರ್ ಸ್ಕ್ರೀನ್‌ಶಾಟ್ ನಂಬಿ ದುಡ್ಡು ಹಾಕಬೇಡಿ. ನಮಗೆ ಮೋಸ ಆಗಿದ್ದೇ ಅಲ್ಲಿ.

ನನ್ನ ತಮ್ಮ ಕಣ್ಣಿಗೆ ಕಟ್ಟಿಕೊಂಡು ಆಡುವ ಕ್ವೆಸ್ಟ್ 2 ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟನ್ನು ಕಂಪ್ಯೂಟರಿಗೆ ಕೇಬಲ್ ಹಾಕಿ ಆಡುತ್ತಾನೆ. ಹಳೇ ಕಾರ್ಡಿನಲ್ಲಿ ತಲೆ ತಿರುಗಿಸಿದರೆ ಸಾಕು, ಚಿತ್ರ ತಡವರಿಸುತ್ತಿತ್ತು. ಗೋಣಿಕೊಪ್ಪ, ವಿರಾಜಪೇಟೆಯಲ್ಲಿ ಕೇಳಿದ ಕಡೆ ಇಂಥ ಕಾರ್ಡ್ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಕೊರಿಯರ್‌ನಲ್ಲಿ ತರಿಸಿದೆವು. "ಆಫೀಸ್ ಕಂಪ್ಯೂಟರಿನಲ್ಲಿತ್ತು ಸರ್, ಗೇಮ್ ಕೂಡ ಆಡಿಲ್ಲ" ಅಂದರು. 67 ಡಿಗ್ರಿ ತೋರಿಸುವ ಸ್ಕ್ರೀನ್‌ಶಾಟ್ ಕಳಿಸಿದರು.

ಹಾಕಿದ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತು. ಆಮೇಲೆ ಮತ್ತೆ ತಡವರಿಕೆ, ಮೊದಲಿಗಿಂತ ಜಾಸ್ತಿ. ಮಾಮೂಲಿ ಮಾನಿಟರಿನಲ್ಲಾದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹೆಡ್‌ಸೆಟ್ 90 ಹರ್ಟ್ಸ್‌ನಲ್ಲಿದ್ದರೆ, ಅಂದರೆ ಸೆಕೆಂಡಿಗೆ 90 ಚಿತ್ರ ತೋರಿಸುತ್ತಿದ್ದರೆ, ಒಂದೊಂದು ಚಿತ್ರ (ಫ್ರೇಮ್) ಸುಮಾರು 11 ಮಿಲಿಸೆಕೆಂಡಿನಲ್ಲಿ ತಯಾರಾಗಬೇಕು, ಕಾರ್ಡ್ ಅದಕ್ಕೆ ತಪ್ಪುತ್ತಾ ಹೋದರೆ ಸಾಫ್ಟ್‌ವೇರ್ 45ಕ್ಕೆ ಇಳಿಸಿ ಮಧ್ಯದ ಫ್ರೇಮ್‌ಗಳನ್ನು ಅಂದಾಜಿನ ಮೇಲೆ ತುಂಬುತ್ತದೆ, ಆಗ ಕಣ್ಣ ಮುಂದಿನ ಕೈಗಳ ಅಂಚು ಅಲೆಯಲೆಯಾಗಿ ಕಾಣುತ್ತದೆ. ತಮ್ಮನಿಗೆ ತಲೆ ಸುತ್ತಿ ವಾಂತಿ ಬಂದಂತಾಗಿ ಸಂಜೆಯೆಲ್ಲಾ ಮಲಗಿಬಿಟ್ಟ.

ಡ್ರೈವರ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿ ಆಟ ಓಡಿಸಿದಾಗ ಗೊತ್ತಾಯಿತು. ಕಾರ್ಡಿನ ಮುಖ್ಯ ಚಿಪ್ ಬಿಸಿ ಅದೇ 67. ಕೆಳಗೆ ಮೆಮೊರಿ ಜಂಕ್ಷನ್ ಅಂತ ಕಾರ್ಡಿನ ಮೆಮೊರಿ ಬಿಸಿ ತೋರಿಸುವ ಇನ್ನೊಂದು ಸಾಲು ಇರುತ್ತದೆ, ಅಲ್ಲಿ 110! ಅಷ್ಟು ಬಿಸಿಯಾದರೆ ಕಾರ್ಡ್ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಡೀಲರ್ ಕಳಿಸಿದ ಚಿತ್ರದಲ್ಲಿ ಆ ಸಾಲನ್ನೇ ಕತ್ತರಿಸಿದ್ದರು.

ಮೈಸೂರಿನಲ್ಲಿ ರಿಪೇರಿಯವರು ನಮ್ಮ ಮುಂದೆಯೇ ಬಿಚ್ಚಿದರು. ಮೆಮೊರಿ ಚಿಪ್‌ಗಳ ಮೇಲೆ ಬಿಸಿ ಹೊರಹಾಕಲು ಇಡುವ ಮೆತ್ತನೆಯ ಥರ್ಮಲ್ ಪ್ಯಾಡ್ ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಅದರಿಂದ ಇಳಿದ ಎಣ್ಣೆ ಬೋರ್ಡ್ ಮೇಲೆಲ್ಲಾ ಹರಡಿ ಧೂಳು ಮೆತ್ತಿಕೊಂಡಿತ್ತು. ನೋಡಿದ ಕೂಡಲೇ ಅವರು "ಇದು ಮೈನಿಂಗ್‌ನಲ್ಲಿ ಓಡಿದ್ದು" ಅಂದರು. ಎಥೀರಿಯಂ ಮೈನಿಂಗ್‌ನಲ್ಲಿ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಗಳಿಸುವುದು) ಮುಖ್ಯ ಚಿಪ್‌ಗೆ ಕೆಲಸ ಕಡಿಮೆ ಇರುತ್ತಿತ್ತು, ಮೆಮೊರಿಗೆ ಹಗಲು ರಾತ್ರಿ ದುಡಿತ. ಚಿಪ್ ಬಿಸಿ ಒಂದನ್ನೇ ನೋಡಿದರೆ ಏನೂ ತಿಳಿಯದಿರುವುದು ಅದಕ್ಕೇ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು, ಅಲ್ಲಿ ದುಡಿದ ಬಹಳಷ್ಟು ಕಾರ್ಡುಗಳು ಮಾರುಕಟ್ಟೆಗೆ ಬಂದವು.

ಡೀಲರ್‌ಗೆ ಫೋನ್ ಮಾಡಿದರೆ "ನಿಮ್ಮ ಕೊಡಗಿನ ಮಳೆಗೆ, ತೇವಕ್ಕೆ ಹಾಗಾಗಿದೆ" ಅಂದರು. ನನಗೆ ಸಿಟ್ಟು ಬಂದದ್ದು ಇಲ್ಲಿ. ತೇವಕ್ಕೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ಕ್ಯಾಮೆರಾ ಲೆನ್ಸ್‌ಗೆ ಫಂಗಸ್ ಬರುತ್ತದೆ, ನಮಗೆ ಗೊತ್ತಿಲ್ವಾ? ಬಂದ ವಾರದಲ್ಲೇ ಪ್ಯಾಡ್ ಕರಗಿ ಎಣ್ಣೆಯಾಗುವುದಿಲ್ಲ. ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ದುಡ್ಡು ಇನ್ನೂ ವಾಪಸ್ ಬಂದಿಲ್ಲ.

ತಗೊಳ್ಳಲೇಬೇಕು ಅಂದರೆ ಬೆಂಗಳೂರಲ್ಲೋ ಮೈಸೂರಲ್ಲೋ ಇರುವ ನಿಮ್ಮವರನ್ನು ಯಾರನ್ನಾದರೂ ಅಂಗಡಿಗೆ ಕಳಿಸಿ. ಭಾರೀ ಗೇಮ್ ಅರ್ಧ ಗಂಟೆ ಓಡಿಸಿ ಆ ಮೆಮೊರಿ ಸಾಲನ್ನು ನೋಡಲಿ. ಸೀರಿಯಲ್ ನಂಬರ್ ಬರೆದ ಬಿಲ್ ಕೇಳಲಿ. 3080 ಒಂದೇ 320 ವಾಟ್ ಎಳೆಯುತ್ತದೆ, ಅದನ್ನು ತಯಾರಿಸಿದ ಎನ್‌ವಿಡಿಯಾ ಹೇಳುವುದು 750 ವಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ). ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ಆ ಯುಪಿಎಸ್ ಈ ಕಾರ್ಡಿನ ಲೋಡ್ ತಾಳಲ್ಲ.

3060, 3070 ನೋಡುತ್ತಿರುವವರಿಗೆ ಇನ್ನೊಂದು ಮಾತು. ಅವುಗಳಲ್ಲಿರುವುದು ಜಿಡಿಡಿಆರ್6 ಎಂಬ ಬೇರೆ ಬಗೆಯ ಮೆಮೊರಿ, ಈ ಮೆಮೊರಿ ಬಿಸಿಯ ಸಾಲೇ ಕಾಣುವುದಿಲ್ಲ. ಅಲ್ಲಿ ಅರ್ಧ ಗಂಟೆ ಓಡಿಸಿ ಶುರುವಿನ ಫ್ರೇಮ್ ರೇಟ್ ಕೊನೆಯವರೆಗೂ ಉಳಿಯುತ್ತದಾ ಅಂತ ನೋಡುವುದೊಂದೇ ದಾರಿ. ಅಷ್ಟು ಹೊತ್ತು ಓಡಿಸಲು ಒಪ್ಪದವರ ಹತ್ತಿರ ತಗೊಳ್ಳಬೇಡಿ.