ಅಮ್ಮನಿಗೆ ಕೊಟ್ಟ 17 ಅಕ್ಷರ

ಅಮ್ಮನ ಅರವತ್ತರ ಹುಟ್ಟುಹಬ್ಬಕ್ಕೆ ಸೀರೆ ಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದಳು. ಶಿರಸಿಯಲ್ಲಿ ಬಿಡ್ಕಿಬೈಲಿನ ಹತ್ತಿರ ಒಬ್ಬ ಅಕ್ಕ ಕೇಳಿದವರಿಗೆ ಹಾಯ್ಕು, ಅಂದರೆ ಜಪಾನಿನ ಮಾದರಿಯ ಮೂರು ಸಾಲಿನ ಪುಟ್ಟ ಕವನ, ಬರೆದು, ದಪ್ಪ ಕೈಕಾಗದದ ಮೇಲೆ ಶಾಯಿಯಲ್ಲಿ ಮೂಡಿಸಿ ಕೊಡುತ್ತಾರೆ ಅಂತ ಗೊತ್ತಾಯಿತು. ಒಂದಕ್ಕೆ 350 ರೂಪಾಯಿ. ಕಾರವಾರದಿಂದ ಬಸ್ ಹತ್ತಿ ಹೋದೆ.

ನಾಲ್ಕು ಮಾತು ಹೇಳಿ ಬಂದರಾಯ್ತು ಅಂದುಕೊಂಡಿದ್ದೆ. ಅವರು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಅಮ್ಮ ಹೇಗೆ ಅಂತ ಕೇಳಲೇ ಇಲ್ಲ. "ಚಿಕ್ಕವರಿದ್ದಾಗ ರಾತ್ರಿ ಮಲಗಿದ ಮೇಲೆ ಮನೆಯಲ್ಲಿ ಏನು ಸದ್ದು ಕೇಳ್ತಿತ್ತು?" ಅಂದರು. ಅಡಿಕೆ ಸುಗ್ಗಿಯ ದಿನಗಳು ನೆನಪಾದವು. ಅಂಗಳದಲ್ಲಿ ರಾಶಿ, ಒಂದು ದೀಪ, ಅಕ್ಕಪಕ್ಕದ ಮನೆಯವರ ನಡುವೆ ಅಮ್ಮ, ಅಡಿಕೆ ಸುಲಿಯುವ ಅವಳ ಮೆಟ್ಟುಗತ್ತಿ. ಸಿಪ್ಪೆ ಬಿಡಿಸುವ ಸದ್ದು ಎಣಿಸುತ್ತಾ ನಾನು ನಿದ್ದೆ ಹೋಗುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಜಪಾನಿನಲ್ಲಿ ಮೂರು ಸಾಲಿಗೆ 5-7-5 ಅಂತ ಉಚ್ಚಾರದ ಸದ್ದನ್ನು ಎಣಿಸುತ್ತಾರಂತೆ. ಇವರು ಕನ್ನಡದಲ್ಲಿ ಅಕ್ಷರ ಎಣಿಸುತ್ತಾರೆ, ಒತ್ತಕ್ಷರ ಬಂದರೂ ಒಂದೇ ಲೆಕ್ಕ. ಮಳೆಗಾಲವೋ ಚಳಿಗಾಲವೋ ಅಂತ ತಿಳಿಯುವ ಒಂದು ಮಾತು ಇರಲೇಬೇಕು. ನಾನು ಕಾರವಾರದವನು ಅಂದಾಗ ಖುಷಿಯಾದರು. ಹರೆಯದಲ್ಲಿ ನಮ್ಮೂರಿನ ಕಡಲ ತೀರದಲ್ಲಿ ಉಳಿದಿದ್ದ ರವೀಂದ್ರನಾಥ ಟಾಗೋರರು 1916ರಲ್ಲಿ ಜಪಾನಿಗೆ ಹೋಗಿ, ಅಲ್ಲಿನ ಹಳೆಯ ಕವಿ ಬಾಶೋನ ಕಪ್ಪೆಯ ಹಾಯ್ಕುವನ್ನು ಬಂಗಾಳಿಗೆ ತಂದರಲ್ವಾ, ಆ ಕಥೆ ಹೇಳಿದರು. ಟಾಗೋರರ ಹೆಸರಿನ ಬೀಚಿನಲ್ಲಿ ದಿನಾ ವಾಕಿಂಗ್ ಮಾಡುವ ನನಗೆ ಇದು ಗೊತ್ತೇ ಇರಲಿಲ್ಲ.

ಕೊನೆಯ ಸಾಲಿಗೆ 'ತಾಯಿಯ ಪ್ರೀತಿ' ಹಾಕಿ ಅಂತ ನಾನೇ ಹಟ ಮಾಡಿದೆ. ಲೆಕ್ಕಕ್ಕೂ ಸರಿ ಇತ್ತು, ಐದು ಅಕ್ಷರ. ಅವರು ಒಪ್ಪಲಿಲ್ಲ. "ಅದು ಯಾರ ಅಮ್ಮನಿಗಾದರೂ ಆಗ್ತದೆ. ನೀವು ಎಣಿಸ್ತಾ ಮಲಗಿದ್ದು ನಿಮ್ಮಮ್ಮನ ಕತ್ತಿ" ಅಂದರು. ಕೊನೆಗೆ ಬಂದದ್ದು ಇದು:

ಚಳಿಯ ರಾತ್ರಿ
ಮೆಟ್ಟುಗತ್ತಿಯ ಸದ್ದು
ಎಣಿಸಿ ನಿದ್ದೆ

ನನ್ನ ಮಾತು ಕೇಳದೆ ಇದ್ದದ್ದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಎರಡು ತೊಂದರೆ ಹೇಳಲೇಬೇಕು. ವಾರದಲ್ಲಿ ಕೊಡ್ತೇನೆ ಅಂದಿದ್ದರು, ಹದಿನಾರು ದಿನ ಆಯಿತು. ಸುಮ್ನೆ ಒಂದು ಕಾಗದದ ಕವರಿನಲ್ಲಿ ಹಾಕಿ ಕಳಿಸಿದ್ದರಿಂದ ಮಳೆಯ ಥಂಡಿಗೆ ಒಂದು ಮೂಲೆ ಸುರುಳಿಯಾಗಿ, 'ನಿದ್ದೆ'ಯ ದ್ದೆ ಸ್ವಲ್ಪ ಹರಡಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ಕೊಡಿ ಅಂತ ಮೊದಲೇ ಕೇಳಿ. ದಿನಾಂಕ ಇದ್ದರೆ ಒಂದು ತಿಂಗಳು ಮುಂಚೆ ಹೋಗಿ.

ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ದನಿ ಬಂತು: "ನೀ ಎಚ್ಚರ ಇರ್ತಿದ್ಯನೋ ಆಗ?"