ಜರ್ಮೇನಿಯಂ ವಿಂಡೋ, ಡೋಮ್ ತರಿಸುವವರೇ, ‘ಪಾಸ್’ ಸೀಲು ನೋಡಿ ದುಡ್ಡು ಬಿಡಬೇಡಿ

ಹೊಸೂರಿನ ಸಿಪ್ಕಾಟ್‌ನಲ್ಲಿ, ಬಾಗಲೂರು ರಸ್ತೆ ಕಡೆ ಥರ್ಮಲ್ ಕ್ಯಾಮೆರಾ (ಶಾಖದ ಇನ್‌ಫ್ರಾರೆಡ್ ಬೆಳಕನ್ನು ನೋಡುವ ಕ್ಯಾಮೆರಾ) ಹೌಸಿಂಗ್ ಜೋಡಿಸುವವರು ಓದಲಿ ಅಂತ ಇದನ್ನು ಬರೆದಿದ್ದೇವೆ. ಸಪ್ಲೈಯರ್ ಹೆಸರು ಹಾಕುತ್ತಿಲ್ಲ. ‘ಪಾಸ್’ ಅಂತ ಸೀಲು ಹಾಕಿದ ಇಂಥ ಅಳತೆಯ ರಿಪೋರ್ಟು ಅವರೊಬ್ಬರೇ ಕೊಡುವುದೂ ಅಲ್ಲ.

ಅವರಿಂದ ಬಂದದ್ದು ಕ್ಯಾಮೆರಾ ಮುಂದೆ ಕೂರಿಸುವ, 100 ಮಿ.ಮೀ. ವ್ಯಾಸ, 6 ಮಿ.ಮೀ. ದಪ್ಪದ ಜರ್ಮೇನಿಯಂ ವಿಂಡೋಗಳು. ಡ್ರಾಯಿಂಗ್‌ನಲ್ಲಿ ಕೇಳಿದ್ದು ಮಧ್ಯದ 94 ಮಿ.ಮೀ. ಒಳಗೆ, 633 ನ್ಯಾನೋಮೀಟರ್ ಬೆಳಕಿನಲ್ಲಿ ಅರ್ಧ ವೇವ್ (ತರಂಗಾಂತರದ ಅರ್ಧ) ಮೀರದ ಇರ್ರೆಗ್ಯುಲಾರಿಟಿ, ಅಂದರೆ ಮೇಲ್ಮೈಯ ಏರುಪೇರು. ಜೊತೆಗೆ ಬಂದ ಪಿಡಿಎಫ್‌ನಲ್ಲಿ 0.21 ವೇವ್, ಪಾಸ್. ಕ್ಯಾಮೆರಾಗೆ ಕೂರಿಸಿ ಬಿಸಿ ತಂತಿಯ ಕ್ರಾಸ್ ನೋಡಿದರೆ, ನಿಂತ ತಂತಿ ಚೂಪಾದಾಗ ಅಡ್ಡ ತಂತಿ ಮಬ್ಬು, ಅಡ್ಡದ್ದು ಚೂಪಾದಾಗ ನಿಂತದ್ದು ಮಬ್ಬು. ವಿಂಡೋ ತೆಗೆದರೆ ಎರಡೂ ಸರಿ. ಇದು ಅಸ್ಟಿಗ್ಮ್ಯಾಟಿಸಂ. ಲೆನ್ಸ್ ಫೋಕಸ್ ಎಷ್ಟು ತಿರುಗಿಸಿದರೂ ಹೋಗದ ದೋಷ.

ಪಿಡಿಎಫ್ ಬದಲು, ಬೆಳಕಿನ ಅಲೆಗಳಿಂದ ಮೇಲ್ಮೈ ಅಳೆಯುವ ಇಂಟರ್‌ಫೆರೋಮೀಟರಿನ ಮೂಲ ಡೇಟಾ ಫೈಲ್ ತರಿಸಿದಾಗ ಗುಟ್ಟು ಹೊರಬಿತ್ತು. ಸಾಫ್ಟ್‌ವೇರ್‌ನಲ್ಲಿ ‘ತೆಗೆದುಹಾಕಿದ ಪದಗಳು’ ಅಂತ ಒಂದು ಪಟ್ಟಿ ಇರುತ್ತದೆ, ಅಂದರೆ ಲೆಕ್ಕದಿಂದ ಕಳೆದ ದೋಷದ ಬಗೆಗಳು. ಪಿಸ್ಟನ್ (ಇಡೀ ಮೇಲ್ಮೈ ಹಿಂದೆ ಮುಂದೆ ಸರಿದದ್ದು), ಟಿಲ್ಟ್ (ವಾಲಿದ್ದು) ತೆಗೆಯುವುದು ಸರಿ. ಇರ್ರೆಗ್ಯುಲಾರಿಟಿ ಹೇಳುವಾಗ ಪವರ್ (ಮೇಲ್ಮೈಯ ಒಟ್ಟಾರೆ ಗೋಳದಂಥ ಉಬ್ಬು ಅಥವಾ ತಗ್ಗು) ತೆಗೆಯುವುದೂ ಸರಿ. ಇಲ್ಲಿ ಅಸ್ಟಿಗ್ಮ್ಯಾಟಿಸಂಗೂ ಟಿಕ್ ಹಾಕಿದ್ದರು. ಅಷ್ಟೇ ಅಲ್ಲ, ಲೆಕ್ಕಕ್ಕೆ ಹಿಡಿದದ್ದು 75 ಮಿ.ಮೀ. ಮಾತ್ರ. ಪಾಲಿಶಿಂಗ್‌ನಲ್ಲಿ ಅಂಚು ಇಳಿಯುವುದೇ ಹೊರಗಿನ ಉಂಗುರದಲ್ಲಿ, ಅದನ್ನೇ ಬಿಟ್ಟಿದ್ದರು. ಟಿಕ್ ತೆಗೆದು 94 ಮಿ.ಮೀ.ಗೆ ಹಿಗ್ಗಿಸಿದರೆ ಅದೇ ಫೈಲ್ 1.6 ವೇವ್ ತೋರಿಸುತ್ತದೆ, ಅಂದರೆ ಸುಮಾರು 1 ಮೈಕ್ರಾನ್. ಜರ್ಮೇನಿಯಂನ ವಕ್ರೀಭವನ ಸೂಚ್ಯಂಕ 4. ಹಾದುಹೋಗುವ ಅಲೆಗೆ ಮೇಲ್ಮೈ ದೋಷ (4-1), ಮೂರು ಪಟ್ಟಾಗಿ ಅಂಟುತ್ತದೆ. ಒಂದು ಮುಖಕ್ಕೆ 3 ಮೈಕ್ರಾನ್, ಎರಡೂ ಮುಖದ ದೋಷ ಒಂದೇ ದಿಕ್ಕಿನಲ್ಲಿ ಕೂಡಿದರೆ 6. 10 ಮೈಕ್ರಾನ್ ಬೆಳಕಿಗೆ ಅದು 0.6 ವೇವ್. ‘ಇನ್‌ಫ್ರಾರೆಡ್‌ಗೆ ಇಷ್ಟೆಲ್ಲ ಯಾಕೆ ಸಾರ್, ನಡೆಯುತ್ತೆ’ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಸಪ್ಲೈಯರ್ ಕಡೆಯಿಂದ ಬರುವ ಮೊದಲ ಉತ್ತರ ‘ನಿಮ್ಮ ರಿಂಗ್ ಬಿಗಿಯಾಗಿದೆ, ವಿಂಡೋ ಬಗ್ಗಿದೆ’. ಇದು ಎಷ್ಟೋ ಸಲ ನಿಜವೂ ಹೌದು, ಹಾಗಾಗಿ ಸಿಟ್ಟಾಗುವ ಮೊದಲು ಪರೀಕ್ಷಿಸಿ. ವಿಂಡೋವನ್ನು ರಿಂಗಿನಿಂದ ಬಿಡಿಸಿ, ಅಗಲ ಪಟ್ಟಿಯಲ್ಲಿ ತೊಟ್ಟಿಲಿನ ಹಾಗೆ ನೇತುಹಾಕಿ ಅಳೆಯಿರಿ. ಅಂಚಿನಲ್ಲಿ ಒಂದು ಗುರುತು ಹಾಕಿ, 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಫ್ರಿಂಜಿನ (ಇಂಟರ್‌ಫೆರೋಮೀಟರಿನಲ್ಲಿ ಕಾಣುವ ಪಟ್ಟೆಗಳ) ಆಕಾರ ಗುರುತಿನ ಜೊತೆಗೇ ತಿರುಗಿದರೆ ದೋಷ ವಿಂಡೋದ್ದು. ಇದ್ದಲ್ಲೇ ನಿಂತರೆ ಫಿಕ್ಸ್ಚರ್‌ನದು ಅಥವಾ ಹೋಲಿಕೆಗೆ ಇಡುವ ರೆಫರೆನ್ಸ್ ಫ್ಲಾಟ್‌ನದು. ಮೂರು ಕಿವಿಯ ಆಕಾರ ಕಂಡರೆ ಮೂರು ಸ್ಕ್ರೂ ಹಿಡಿತದ ಮೇಲೆ ಅನುಮಾನ ಪಡಿ. ಈ ಲಾಟಿನಲ್ಲಿ ಫ್ರಿಂಜು ಗುರುತಿನ ಜೊತೆಗೇ ತಿರುಗಿತು. ವಾದ ಅಲ್ಲಿಗೆ ಮುಗಿಯಿತು.

ಉಷ್ಣತೆಯನ್ನೂ ಮರೆಯಬೇಡಿ. ಇದೇ ಅಳತೆಯ ವಿಂಡೋದಲ್ಲಿ ಮುಂದಿನ ಮುಖಕ್ಕೂ ಹಿಂದಿನ ಮುಖಕ್ಕೂ 0.1 ಡಿಗ್ರಿ ವ್ಯತ್ಯಾಸ ಸಾಕು, ನಡುಭಾಗ 0.12 ಮೈಕ್ರಾನ್ ಉಬ್ಬುತ್ತದೆ, ಅಂದರೆ ಅರ್ಧ ಫ್ರಿಂಜಿಗೆ ಹತ್ತಿರ. ಬಿಸಿಲಿನಲ್ಲಿ ಬಂದ ಡಬ್ಬವನ್ನು ಬಿಚ್ಚಿ, ಬೆರಳಲ್ಲಿ ಹಿಡಿದು ತಕ್ಷಣ ಅಳೆದರೆ ಆ ಅಂಕಿಗೆ ಬೆಲೆಯಿಲ್ಲ. ರಾತ್ರಿಯಿಡೀ ಎ.ಸಿ. ರೂಮಿನಲ್ಲೇ ಬಿಡಿ. ಫ್ರಿಂಜು ಹರಿಯುವುದು ನಿಂತ ಮೇಲೆ ಓದಿ.

ಇನ್ನು ‘ಕಾಲು ವೇವ್’ ಅಂತಷ್ಟೇ ಬರೆದ ಡ್ರಾಯಿಂಗ್. ಯಾವ ಬೆಳಕಿನ ಕಾಲು ವೇವ್? 633 ನ್ಯಾನೋಮೀಟರಿನದಾದರೆ 0.16 ಮೈಕ್ರಾನ್, 10.6 ಮೈಕ್ರಾನಿನದಾದರೆ 2.65. ಹದಿನೇಳು ಪಟ್ಟು ಅಂತರ, ಅದರಲ್ಲಿ ಎರಡೂ ಕಡೆಯವರೂ ತಮ್ಮದೇ ಸರಿ ಅನ್ನಬಹುದು. ಆಪ್ಟಿಕಲ್ ಡ್ರಾಯಿಂಗ್ ಬರೆಯುವ ಮಾನದಂಡ ಐಎಸ್ಒ 10110ರ ಪ್ರಕಾರ ಬೇರೆ ಬರೆಯದಿದ್ದರೆ 546.07 ನ್ಯಾನೋಮೀಟರ್, ಒಂದು ಫ್ರಿಂಜ್ ಅಂದರೆ ಅದರ ಅರ್ಧ. ನೇರವಾಗಿ ನ್ಯಾನೋಮೀಟರಿನಲ್ಲೇ ಬರೆದುಬಿಟ್ಟರೆ ತಕರಾರೇ ಇಲ್ಲ.

ಡೋಮ್ (ಅರ್ಧಗೋಳದಂಥ ವಿಂಡೋ) ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಎಫ್/0.75 ಟ್ರಾನ್ಸ್‌ಮಿಷನ್ ಸ್ಫಿಯರ್ (ಗೋಳದ ಮೈ ಅಳೆಯಲು ಇಂಟರ್‌ಫೆರೋಮೀಟರಿಗೆ ಹಾಕುವ ಲೆನ್ಸ್) ಒಂದು ಸಲಕ್ಕೆ ನೋಡುವುದು ಸುಮಾರು 84 ಡಿಗ್ರಿ ಕೋನ. ಪೂರ್ತಿ ಅರ್ಧಗೋಳದಲ್ಲಿ ಅದು ನೆತ್ತಿಯ ಕಾಲು ಭಾಗ ಮೇಲ್ಮೈ ಮಾತ್ರ. ಉಳಿದ ಮುಕ್ಕಾಲನ್ನು ಯಾರೂ ನೋಡಿಲ್ಲ, ರಿಪೋರ್ಟ್ ಮಾತ್ರ ‘ಡೋಮ್ ಪಾಸ್’ ಅನ್ನುತ್ತದೆ. ಡೋಮನ್ನು ವಾಲಿಸಿ, ತಿರುಗಿಸಿ, ತುಂಡು ತುಂಡಾಗಿ ಅಳೆದು ಹೊಲಿದ ನಕ್ಷೆ ಕೇಳಿ. ಅಷ್ಟು ಸಾಧ್ಯವಿಲ್ಲ ಅಂದರೆ ವಾಲಿಸಿದ ನಾಲ್ಕು ದಿಕ್ಕಿನ ಬಿಡಿ ನಕ್ಷೆಗಳಾದರೂ ಬರಲಿ. ಹೊರಮೈಗೆ ಇನ್ನೊಂದು ತೊಡಕಿದೆ: ಸ್ಫಿಯರ್‌ನ ಕೊನೆಯ ಗಾಜಿನಿಂದ ಫೋಕಸ್‌ವರೆಗಿನ ದೂರ ಡೋಮಿನ ತ್ರಿಜ್ಯಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಅಳೆಯಲು ಬರುವುದೇ ಇಲ್ಲ. ಒಳಮೈ ಅಳೆದು ಎರಡಕ್ಕೂ ಅದೇ ಅಂಕಿ ಬರೆಯುವವರಿದ್ದಾರೆ. ಎರಡೂ ಮೈ ಚೆನ್ನಾಗಿದ್ದು ಅವುಗಳ ಕೇಂದ್ರ ಒಂದೇ ಕಡೆ ಇಲ್ಲದಿದ್ದರೂ ಕೆಲಸ ಕೆಡುತ್ತದೆ, ಡೋಮ್ ತಿರುಗಿದಂತೆ ಗುರಿ ಸರಿಯುತ್ತದೆ. ಗೋಡೆ ದಪ್ಪದ ವ್ಯತ್ಯಾಸವನ್ನು ಬೇರೆ ಸಾಲಿನಲ್ಲೇ ಕೇಳಬೇಕು.

ಇನ್‌ಫ್ರಾರೆಡ್‌ಗೆ ಬಳಸುವ ಇನ್ನೊಂದು ವಸ್ತು ಜಿಂಕ್ ಸೆಲೆನೈಡ್. ಅದು ಕೆಂಪು ಲೇಸರಿಗೆ ಪಾರದರ್ಶಕ, ಹಾಗಾಗಿ ಹಿಂದಿನ ಮುಖದ ಪ್ರತಿಫಲನವೂ ಬಂದು ಫ್ರಿಂಜಿನ ಮೇಲೆ ಫ್ರಿಂಜು ಕೂರುತ್ತದೆ. ಗಾಜಿನವರು ಹಿಂದೆ ವ್ಯಾಸಲೀನ್ ಹಚ್ಚಿ ಬಚಾವಾಗುತ್ತಾರೆ. ಇಲ್ಲಿ ಅದು ನಡೆಯದು. ಸೆಲೆನೈಡ್ ಸೂಚ್ಯಂಕ 2.59, ವ್ಯಾಸಲೀನ್ 1.48ರ ಆಸುಪಾಸು, ಹಚ್ಚಿದ ಮೇಲೂ ಶೇಕಡಾ 7ರಷ್ಟು ಬೆಳಕು ವಾಪಸ್ ಬರುತ್ತದೆ. ತರಂಗಾಂತರ ಬದಲಿಸಿ ಎರಡು ಮುಖಗಳನ್ನು ಬೇರ್ಪಡಿಸುವ ಉಪಕರಣ ಬೇಕು. ಅದಿಲ್ಲದ ಶಾಪು ಕೊಟ್ಟ ಅಂಕಿಯನ್ನು ಅನುಮಾನದಿಂದಲೇ ನೋಡಿ. ಹೋಲಿಕೆಯ ಗಾಜು, ಅಂದರೆ ಟೆಸ್ಟ್ ಪ್ಲೇಟ್, ಮೇಲೆ ಒತ್ತಿ ನೋಡುವುದಂತೂ ಬೇಡ. ಈ ವಸ್ತು ಮೆತ್ತಗೆ, ಒಂದು ಧೂಳಿನ ಕಣ ಸಾಕು ಗೀರು ಬೀಳಲು.

ಕೋಟಿಂಗ್‌ಗೆ ಮುಂಚಿನ ರಿಪೋರ್ಟನ್ನೇ ಕೋಟಿಂಗ್ ಆದ ಮಾಲಿಗೆ ಅಂಟಿಸುವ ಚಾಳಿಯೂ ಇದೆ. ವಜ್ರದಂಥ ಕಾರ್ಬನ್ ಪದರ ಒತ್ತಡದಿಂದ ತೆಳು ವಿಂಡೋವನ್ನು ಬಗ್ಗಿಸುತ್ತದೆ, ಪದರವಿರುವ ಬದಿ ಉಬ್ಬುತ್ತದೆ. ಕೋಟಿಂಗ್ ನಂತರ 10.6 ಮೈಕ್ರಾನ್ ಇಂಟರ್‌ಫೆರೋಮೀಟರಿನಲ್ಲಿ ಅಲೆಯನ್ನು ಹಾಯಿಸಿ ಅಳೆದ ರಿಪೋರ್ಟ್ ಕೇಳಿ. ವಸ್ತುವಿನ ಒಳಗಿನ ಸೂಚ್ಯಂಕದ ಏರುಪೇರೂ ಅದರಲ್ಲಿ ಸಿಕ್ಕಿಬೀಳುತ್ತದೆ, ಮೇಲ್ಮೈ ರಿಪೋರ್ಟಿನಲ್ಲಿ ಅದು ಕಾಣುವುದೇ ಇಲ್ಲ.

ಪಿ.ಓ.ನಲ್ಲಿ (ಖರೀದಿ ಆರ್ಡರಿನಲ್ಲಿ) ಇಷ್ಟು ಬರೆಸಿ: ಅಳೆಯುವ ತರಂಗಾಂತರ, ಅಪರ್ಚರ್ (ಅಳೆಯುವ ಭಾಗದ ವ್ಯಾಸ) ಮಿ.ಮೀ.ನಲ್ಲಿ, ತೆಗೆಯಬಹುದಾದ ಪದಗಳು, ಹಿಡಿತದ ವಿಧ, ಕೋಟಿಂಗ್ ಮುಂಚೆಯೋ ನಂತರವೋ, ಮೂಲ ಡೇಟಾ ಫೈಲ್. ಮಾಲು ವಾಪಸ್ ಕಳಿಸುವ ಸಂದರ್ಭ ಬಂದರೆ ಪ್ರತಿ ವಿಂಡೋದ ಅಂಚಿನಲ್ಲಿ ಸೀರಿಯಲ್ ನಂಬರ್ ಮತ್ತು ದಿಕ್ಕಿನ ಗುರುತು ಹಾಕಿ, ಅದು ಕಾಣುವ ಹಾಗೆ ಫ್ರಿಂಜಿನ ಫೋಟೋ ತೆಗೆದಿಟ್ಟುಕೊಳ್ಳಿ. ಅತ್ತಿಬೆಲೆ ದಾಟಿದ ಮೇಲೆ ‘ಇದು ನಮ್ಮ ಪೀಸೇ ಅಲ್ಲ’ ಅಂದರೆ ತೋರಿಸಲು ನಿಮ್ಮ ಹತ್ತಿರ ಅದೊಂದೇ ಇರುತ್ತದೆ.